16 ವರ್ಷ ಕಾದು ಬಂದ ಹಾಡುಗಳು

ನವೆಂಬರ್ 1, 2024. ನಾವು ವಾಟ್ಸ್‌ಆ್ಯಪ್‌ನಲ್ಲಿ ರಾಜ್ಯೋತ್ಸವದ ಶುಭಾಶಯ ಹಂಚಿಕೊಳ್ಳುತ್ತಿದ್ದ ದಿನವೇ ಇಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಸಡಗರ. ಹಳೆಯ ರಾಕ್ ತಂಡ ‘ದಿ ಕ್ಯೂರ್’ 16 ವರ್ಷಗಳ ಬಳಿಕ ಹೊಸ ಆಲ್ಬಂ ಹೊರತಂದಿತು. ಹೆಸರು ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’. ಅದೇ ರಾತ್ರಿ ಲಂಡನ್ನಿನ ಟ್ರಾಕ್ಸಿ ಸಭಾಂಗಣದಲ್ಲಿ ಮೂರು ಗಂಟೆಗೂ ಹೆಚ್ಚು ಹೊತ್ತು ಕಾರ್ಯಕ್ರಮ ನಡೆಯಿತು. ವಾರದೊಳಗೆ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1992ರ ‘ವಿಶ್’ ನಂತರ ಅವರಿಗೆ ಆ ಸ್ಥಾನ ಸಿಕ್ಕಿದ್ದು ಆಗಲೇ.

ಊರಿನಲ್ಲಿರುವ ನಿಮಗೆ ಈ ತಂಡ ಹೊಸದಿರಬಹುದು. ನಮ್ಮವರು ಬಂದಿಳಿಯುವ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಪಕ್ಕದ ಕ್ರಾಲಿಯೇ ಅದರ ತವರು. 1970ರ ದಶಕದಲ್ಲಿ ಶಾಲಾ ಗೆಳೆಯರೊಡನೆ ಅಲ್ಲಿ ತಂಡ ಕಟ್ಟಿದ ಗಾಯಕ ರಾಬರ್ಟ್ ಸ್ಮಿತ್‌ಗೆ ಆಲ್ಬಂ ಬಂದಾಗ 65 ವರ್ಷ.

ಲೆಕ್ಕಪತ್ರ ನೋಡುವವನಾದ ನನಗೆ ಮೊದಲು ಕಂಡದ್ದು ಅಂಕಿಗಳೇ: 8 ಹಾಡು, 49 ನಿಮಿಷ. ಮೊದಲ ಹಾಡು ‘ಅಲೋನ್’ನಲ್ಲಿ ಮೂರು ನಿಮಿಷ ಕಳೆದ ಮೇಲೆಯೇ ಸ್ಮಿತ್ ದನಿ ಕೇಳುವುದು. ಅಲ್ಲಿಯತನಕ ಡ್ರಮ್, ಗಿಟಾರ್, ಕೀಬೋರ್ಡ್ ಮಂಜಿನ ಹಾಗೆ ಸುತ್ತಿಕೊಳ್ಳುತ್ತವೆ. ಕೊನೆಯ ‘ಎಂಡ್‌ಸಾಂಗ್’ 10 ನಿಮಿಷಕ್ಕೂ ಉದ್ದ; ಅರ್ಧಕ್ಕಿಂತ ಹೆಚ್ಚು ಬರೀ ವಾದ್ಯ.

ಈ ಹಾಡುಗಳ ಹಿಂದೆ ಸಾವುಗಳಿವೆ. ನಡುವಿನ ವರ್ಷಗಳಲ್ಲಿ ಸ್ಮಿತ್ ತಂದೆ, ತಾಯಿ, ಅಣ್ಣ ಮೂವರನ್ನೂ ಕಳೆದುಕೊಂಡರು. ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ ಅಣ್ಣ ರಿಚರ್ಡ್ ನೆನಪಿನ ಹಾಡು. 2022ರ ಪ್ರವಾಸದಲ್ಲೇ ವೇದಿಕೆಯಲ್ಲಿ ಹಾಡಿದ್ದರೂ ಅದು ಆಲ್ಬಂ ಸೇರಲು ಎರಡು ವರ್ಷ ಹಿಡಿಯಿತು.

ನಾನದನ್ನು ಕೇಳಿದ್ದು ಕೆಲಸ ಮುಗಿಸಿ ಬರುವಾಗ, ರೈಲಿನಲ್ಲಿ. ಹಾಸನದಲ್ಲಿ ನನ್ನ ಅಣ್ಣ ತೀರಿಕೊಂಡದ್ದು ಒಂದು ಜನವರಿಯಲ್ಲಿ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೊಂದರ ಕಾರ್ಯ ಮುಗಿಸಿ ಮರುದಿನವೇ ವಿಮಾನ ಹತ್ತಿದೆ. ಜನವರಿ 31 ಇಲ್ಲಿ ತೆರಿಗೆ ವಿವರ ಸಲ್ಲಿಸಲು ಕೊನೆಯ ದಿನ. ಗ್ರಾಹಕರ ಕಡತಗಳು ಕಾಯುತ್ತಿದ್ದವು. ಆಮೇಲೂ ಅಮ್ಮ ಫೋನ್ ಮಾಡಿದಾಗಲೆಲ್ಲ “ಕೆಲ್ಸ ಜಾಸ್ತಿ ಕಣಮ್ಮ, ಆಮೇಲೆ ಮಾಡ್ತೀನಿ” ಎನ್ನುತ್ತಿದ್ದೆ. ಅಣ್ಣನ ಮಾತು ಬಂದರೆ ಅತ್ತುಬಿಡುತ್ತೇನೆಂಬ ಭಯ.

ಆ ಸಂಜೆ ರೈಲಿನಲ್ಲೇ ಅತ್ತೆ. ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ರಾತ್ರಿ 12ಕ್ಕೆ, ಊರಲ್ಲಿ ಅಮ್ಮ ಏಳುವ ಹೊತ್ತಿಗೆ, ಫೋನ್ ಮಾಡಿದೆ. ಒಂದು ಗಂಟೆ ಅಣ್ಣನದೇ ಮಾತು. “ನೀನು ಮರ್ತೇಬಿಟ್ಟೆ ಅನ್ಕೊಂಡಿದ್ದೆ ಕಣೋ” ಎಂದರು ಅಮ್ಮ.

ಪರದೇಶದಲ್ಲಿರುವ ನಿಮ್ಮ ಮಕ್ಕಳೂ ಫೋನಿನಲ್ಲಿ “ಬಿಜಿ” ಎನ್ನಬಹುದು. ಎಲ್ಲ ಸಲವೂ ಅದು ಕೆಲಸವೇ ಆಗಿರುವುದಿಲ್ಲ. ಹೋದವರ ಹೆಸರನ್ನು ನೀವೇ ಎತ್ತಿ ನೋಡಿ. ಮಾತು ಬರುವುದು ತಡವಾದರೆ ಫೋನ್ ಇಡಬೇಡಿ.