ಇಲಿಯ ಬೆನ್ನೂ ಮನುಷ್ಯನ ತೊಗಲೂ

ಸುಟ್ಟಗಾಯಕ್ಕೆ ಹಚ್ಚತಕ್ಕ ಯಾವುದೋ ಸೊಪ್ಪಿನ ರಸವನ್ನೋ ತೈಲವನ್ನೋ ಕುರಿತು, ‘ಇಲಿಗಳ ಮೇಲೆ ಪ್ರಯೋಗಿಸಿ ಸಿದ್ಧವಾದದ್ದು’ ಎಂಬ ಮಾತು ಹೊರಬಿದ್ದೊಡನೆ, ಇನ್ನು ವಿಚಾರಿಸತಕ್ಕದ್ದೇನೂ ಉಳಿದಿಲ್ಲವೆಂಬಂತೆ ತಲೆದೂಗುವ ಸಜ್ಜನರು ನಮ್ಮಲ್ಲಿ ವಿರಳರಲ್ಲ. ಇಲಿಯ ಗಾಯ ಮಾಯಿತೆಂದಮೇಲೆ ಮನುಷ್ಯನದೂ ಮಾಯಲೇಬೇಕೆಂಬ ಈ ದೃಢವಿಶ್ವಾಸಕ್ಕೆ ಒಂದೇ ಒಂದು ಅಡ್ಡಿ: ಇಬ್ಬರ ಗಾಯಗಳೂ ಮಾಯುವ ಮಾರ್ಗವೇ ಬೇರೆ.

ಇಲಿಯ ಚರ್ಮ ಸಡಿಲ. ಅದರಡಿಯಲ್ಲಿ, ನೊಣ ಕುಳಿತೊಡನೆ ದನವು ಮೈದೊಗಲನ್ನು ಅದುರಿಸುವುದು ಯಾವುದರಿಂದಲೋ ಅಂಥದೇ ತೆಳ್ಳನೆಯ ಸ್ನಾಯುಪದರವೊಂದುಂಟು. ಮನುಷ್ಯನಲ್ಲಿ ಅದು ಬಹುಮಟ್ಟಿಗೆ ಲೋಪವಾಗಿ, ಕತ್ತಿನಂಥ ಕೆಲವೆಡೆ ಮಾತ್ರ ಶೇಷಿಸಿದೆ. ಆದಕಾರಣ ಇಲಿಯ ಬೆನ್ನಿನ ಗಾಯವು, ದಾರವೆಳೆದ ಎಲೆಯಡಿಕೆಯ ಸಂಚಿಯ ಬಾಯಿಯಂತೆ, ಸುತ್ತಲಿನ ಚರ್ಮವನ್ನೇ ಒಳಕ್ಕೆ ಸೆಳೆದುಕೊಂಡು ಶೀಘ್ರವಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಚರ್ಮವಾದರೋ ಅಡಿಯ ಅಂಗಾಂಶಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ, ಹೊಸ ಮಾಂಸಾಂಕುರ ತುಂಬಿ, ಗಾಯದ ಅಂಚಿನಿಂದಲೂ ಸುಡದೆ ಉಳಿದ ರೋಮಕೂಪಗಳಿಂದಲೂ ಮೇಲ್ಪದರದ ಜೀವಕೋಶಗಳು ಸರಿದು ಹಬ್ಬುವವರೆಗೆ ಕಾದಿರಲೇಬೇಕು. ಯಾವ ಲೇಪವನ್ನೂ ಕಾಣದ ಇಲಿಯ ಗಾಯವೂ ಮುದುಡಿ ಮುಚ್ಚಿಯೇ ಮುಚ್ಚುವುದು. ಹೀಗಿರಲು, ಗಾಯದ ವಿಸ್ತೀರ್ಣ ಎಷ್ಟು ಕುಗ್ಗಿತೆಂಬುದನ್ನಷ್ಟೇ ಅಳೆದು ಜಯಭೇರಿ ಹೊಡೆಯುವ ಮಹಾಶಯನು ಅಳೆದದ್ದು ತೈಲದ ಗುಣವನ್ನೋ, ಇಲಿಯ ಸ್ನಾಯುವಿನ ಗುಣವನ್ನೋ? ಈ ಸಂಕೋಚವನ್ನು ತಡೆಯಲೆಂದೇ ಎಚ್ಚರಿಕೆಯುಳ್ಳ ಸಂಶೋಧಕರು ಗಾಯದ ಸುತ್ತ ಸಿಲಿಕೋನಿನ ಬಳೆಯೊಂದನ್ನು ಹೊಲಿಯುವುದುಂಟು. ಜಾಹೀರಾತಿನವರು ಆ ಬಳೆಯ ಸುದ್ದಿಯೆತ್ತಿದ್ದನ್ನು ನಾನು ಕಾಣೆ. ಮೇಲಾಗಿ, ಗಾಯ ಬೆಸೆಯುವ ಕೊಲಾಜನ್ ರಚನೆಗೆ ಬೇಕಾದ ಸಿ ಜೀವಸತ್ವವನ್ನು ಇಲಿ ತನ್ನ ದೇಹದಲ್ಲಿಯೇ ಉತ್ಪಾದಿಸಿಕೊಳ್ಳುತ್ತದೆ. ನಾವು ಆ ಶಕ್ತಿಯನ್ನು ಎಂದೋ ಕಳೆದುಕೊಂಡವರು.

ಹಂದಿಯಾದರೆ ಮನುಷ್ಯನಿಗೆ ತದ್ರೂಪವೆಂಬುದು ಇನ್ನೊಂದು ಅತ್ಯುಕ್ತಿ: 2001ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಗಾಯದ ಚಿಕಿತ್ಸೆಗಳನ್ನು ಮನುಷ್ಯರ ಮೇಲೆ ಪರೀಕ್ಷಿಸಿದ ಫಲಿತಾಂಶಗಳೊಡನೆ ಹಂದಿಯವು ನೂರಕ್ಕೆ 78ರಷ್ಟು ಹೊಂದಿದರೆ, ಕಿರುಪ್ರಾಣಿಗಳವು 53ರಷ್ಟು, ಎಂದರೆ ಅರ್ಧಕ್ಕಿಂತ ತುಸುವೇ ಹೆಚ್ಚು, ಹೊಂದಿದವು. ಹಾಗೆಂದು ಪ್ರಾಣಿಪ್ರಯೋಗವೆಲ್ಲ ನಿರರ್ಥಕವೆನ್ನುವುದೂ ಸಲ್ಲದು; ಸುಟ್ಟ ಅಂಗವನ್ನು 20 ನಿಮಿಷ ಹರಿಯುವ ತಣ್ಣೀರಿಗೆ ಒಡ್ಡಬೇಕೆಂಬ ಸಲಹೆಗೆ ಬಲ ಬಂದದ್ದು ಹಂದಿಗಳಿಂದ, ಲೋಳೆಸರವಾಗಲಿ ಎಂಜಲಾಗಲಿ ಗಾಯವನ್ನು ಬೇಗ ಮಾಯಿಸಲಿಲ್ಲವೆಂದು 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನ ತೋರಿಸಿದ್ದೂ ಹಂದಿಗಳ ಮೇಲೆಯೇ. ಆ ತಣ್ಣೀರಿನ ಸುದ್ದಿ ಮಾತ್ರ ನಮ್ಮ ಮನೆಗಳ ಹೊಸಿಲನ್ನು ದಾಟಿ ಬರಲಾರದು. ಏಕೆಂದರೆ ನಲ್ಲಿಯ ನೀರನ್ನು ಸುಟ್ಟಗಾಯದ ಮದ್ದೆಂದು ಶೀಶೆಗೆ ತುಂಬಿ ಮಾರುವವರಿಲ್ಲ.

ಯಾವ ಪ್ರಾಣಿ, ಎಷ್ಟು ಆಳದ ಸುಡುಗಾಯ, ಯಾವುದರೊಡನೆ ತುಲನೆ, ಅಳೆದದ್ದು ಏನು ಎಂದು ಕೇಳುವ ಶ್ರಮವನ್ನು ತೆಗೆದುಕೊಳ್ಳದೆ, ‘ಪ್ರಯೋಗ’ವೆಂಬ ಶಬ್ದಶ್ರವಣಮಾತ್ರದಿಂದಲೇ ಕೃತಾರ್ಥರಾಗುವುದನ್ನು ವೈಜ್ಞಾನಿಕ ಮನೋಭಾವವೆಂದು ಕರೆದುಕೊಳ್ಳುವುದು ನಮ್ಮ ಕಾಲದ ವಿನೋದ. ಹಿಂದೆ ಅಜ್ಜಿ ಹೇಳಿದಳೆಂದು ನಂಬುತ್ತಿದ್ದರು, ಈಗ ಪ್ರಯೋಗಶಾಲೆ ಹೇಳಿತೆಂದು ನಂಬುತ್ತಾರೆ. ಅಜ್ಜಿಯನ್ನಾದರೂ ಎದುರಿಗೆ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಬಹುದಾಗಿತ್ತು.