ಗಾಜಿನ ತೊಟ್ಟಿಯ ಮೀನು: ಮಳೆಗಾಲದ ಬಿಳಿಚುಕ್ಕೆ ರೋಗ ಮತ್ತು ಅದರ ಉಪಚಾರ

ನಮ್ಮ ಭಾಗದ ಮನೆಗಳ ಜಗಲಿಯಲ್ಲಿ, ಚಾವಡಿಯಲ್ಲಿ ಬಣ್ಣದ ಮೀನಿನ ಗಾಜಿನ ತೊಟ್ಟಿ ಈಗ ಅಪರೂಪವಲ್ಲ. ಮಕ್ಕಳ ಆಸೆಗೆಂದು ಪೇಟೆಯಿಂದ ನಾಲ್ಕು ಗೋಲ್ಡ್‌ಫಿಶ್, ಹತ್ತು ಗಪ್ಪಿ ತಂದು ಬಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇದ್ದ ಮೀನುಗಳು ಮಳೆ ಹಿಡಿದ ಮೇಲೆ ಒಂದೊಂದಾಗಿ ಸಾಯತೊಡಗುತ್ತವೆ. ಆಗ ಕೈಗೆ ಸಿಕ್ಕಿದ ಮದ್ದು ಹಾಕಿ, ಮರುದಿನ ಉಳಿದವನ್ನೂ ಕಳೆದುಕೊಳ್ಳುವುದು ಹಲವು ಮನೆಗಳಲ್ಲಿ ನಡೆಯುತ್ತದೆ. ತೋಟದಲ್ಲಿ ಎಳೆಯ ಅಡಿಕೆ ಉದುರಿದರೆ ಅದು ಕೊಳೆಯೋ, ತಿಗಣೆಯ ಕಾಟವೋ, ನೀರಿನ ಕೊರತೆಯೋ ಎಂದು ಹೆಕ್ಕಿ ನೋಡುವ ಬೆಳೆಗಾರರು ಮೀನಿನ ವಿಷಯದಲ್ಲಿ ಮಾತ್ರ ಅಷ್ಟು ತಾಳ್ಮೆ ತೋರುವುದಿಲ್ಲ.

ಮೊದಲು ನೋಡಬೇಕಾದ್ದು ಮೀನನ್ನಲ್ಲ, ನೀರನ್ನು. ತೊಟ್ಟಿಯ ಮೀನುಗಳೆಲ್ಲ ಒಟ್ಟಿಗೇ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಮೈಮೇಲೆ ಯಾವ ಗುರುತೂ ಕಾಣದಿದ್ದರೆ, ಅದು ಹೆಚ್ಚಾಗಿ ರೋಗವಲ್ಲ. ನೀರು ಕೆಟ್ಟಿದೆ ಎಂದೇ ತಿಳಿಯಬೇಕು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಜಲ್ಲಿಯಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳು ಇದನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿ ಬದಲಿಸುತ್ತವೆ. ಗೊಬ್ಬರದ ಗುಂಡಿಯಲ್ಲಿ ನಡೆಯುವ ಕೆಲಸದ ಹಾಗೆಯೇ ಇದು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯ ಬೆಳೆದು ನಿಲ್ಲಲು 4ರಿಂದ 6 ವಾರ ಬೇಕು. ಶುಚಿತ್ವದ ಹೆಸರಿನಲ್ಲಿ ಹದಿನೈದು ದಿನಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಜಲ್ಲಿಯನ್ನೆಲ್ಲ ನಲ್ಲಿಯಡಿ ಉಜ್ಜಿ ತೊಳೆಯುವವರು ಪ್ರತಿ ಸಲವೂ ಮೊದಲಿನಿಂದ ಶುರುಮಾಡಿದಂತೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗಿ ಫಿಲ್ಟರು ನಿಂತರೂ ಇದೇ ಪರಿಣಾಮ. ಆದ್ದರಿಂದ ಕರೆಂಟು ಬಂದ ಕೂಡಲೇ ಫಿಲ್ಟರು ಚಾಲು ಮಾಡದೆ, ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಒಮ್ಮೆ ಹಿಂಡಿ ಹಾಕುವುದು ಲೇಸು.

ಇದಕ್ಕೆ ಔಷಧಿ ಬೇಕಿಲ್ಲ. ಮೂರನೆಯ ಒಂದು ಪಾಲು ನೀರು ತೆಗೆದು, ಅಷ್ಟೇ ಬೆಚ್ಚಗಿನ ಹೊಸ ನೀರು ಹಾಕಬೇಕು. ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಡಬೇಕು. ಎರಡು ದಿನ ಆಹಾರ ನಿಲ್ಲಿಸಿದರೆ ಮೀನಿಗೇನೂ ಆಗದು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಸೊಳ್ಳೆಗೆಂದು ರಾತ್ರಿ ಹಚ್ಚುವ ಬತ್ತಿ, ಕರೆಂಟಿನ ಸೊಳ್ಳೆಮದ್ದು, ಸಿಂಪಡಿಸುವ ಡಬ್ಬಿ ಇವುಗಳಲ್ಲಿ ಬಹುಪಾಲು ಪೈರೆಥ್ರಾಯ್ಡ್ ವರ್ಗದ ವಿಷಗಳು. ಮನುಷ್ಯರಿಗೆ ಅಷ್ಟಾಗಿ ತಾಗದ ಪ್ರಮಾಣವೂ ಮೀನಿಗೆ ಮಾರಕ. ಗಾಳಿಯಂತ್ರ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆಂಬುದನ್ನು ನೆನಪಿಡಿ. ತೋಟದಲ್ಲಿ ಕೀಟನಾಶಕ ಹೊಡೆದು ಬಂದ ಕೈಯನ್ನು ತೊಟ್ಟಿಗೆ ಅದ್ದುವುದಂತೂ ಬೇಡವೇ ಬೇಡ.

ಬಿಳಿಚುಕ್ಕೆ ರೋಗ

ನೀರು ಸರಿಯಿದ್ದೂ, ಮೀನಿನ ಮೈಮೇಲೆ ಮತ್ತು ರೆಕ್ಕೆಗಳ ಮೇಲೆ ಪುಡಿ ಉಪ್ಪು ಉದುರಿಸಿದಂತೆ ಬಿಳಿ ಕಾಳುಗಳು ಕಂಡರೆ ಅದು ಬಿಳಿಚುಕ್ಕೆ ರೋಗ. ಕಾಳು ಒಂದು ಮಿಲಿಮೀಟರಿಗಿಂತ ದೊಡ್ಡದಿರುವುದಿಲ್ಲ. ಮೀನು ಕಲ್ಲಿಗೆ, ಗಾಜಿಗೆ ಮೈ ಉಜ್ಜುತ್ತದೆ, ರೆಕ್ಕೆ ಮಡಚಿಕೊಂಡಿರುತ್ತದೆ, ಬರಬರುತ್ತ ಉಸಿರಾಟ ಜೋರಾಗುತ್ತದೆ. ಗಂಡು ಗೋಲ್ಡ್‌ಫಿಶ್‌ಗೆ ಬೆದೆಯ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂಚಿನಲ್ಲಿ ಸಾಲಾಗಿ ಬಿಳಿ ಗುಳ್ಳೆ ಏಳುವುದುಂಟು. ಅದು ರೋಗವಲ್ಲ. ಮೀನು ಚುರುಕಾಗಿದ್ದು, ಗುಳ್ಳೆ ಅಲ್ಲಿ ಮಾತ್ರ ಇದ್ದರೆ ಸುಮ್ಮನಿರಬೇಕು.

ಈ ರೋಗಕ್ಕೆ ಕಾರಣ ಇಕ್ತಿಯೊಫ್ತಿರಿಯಸ್ ಎಂಬ ಏಕಕೋಶದ ಪರೋಪಜೀವಿ. ಇದರ ಬದುಕಿನ ಕ್ರಮ ತಿಳಿದರೆ ಉಪಚಾರವೂ ತಿಳಿದಂತೆ. ಅಡಿಕೆ ಬೆಳೆಗಾರರಿಗೆ ಇದನ್ನು ತಿಳಿಸುವುದು ಸುಲಭ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಡಾ. ಕೋಲ್ಮನ್ ಅವರು ಕೊಳೆರೋಗದ ಕುರಿತು 1910ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮವರಿಗೆ ಗೊತ್ತಿರುವುದೇ. ಕೊಳೆಯ ಬೀಜಾಣು ಕಾಯಿಯ ಮೇಲಿನ ನೀರಿನಲ್ಲಿ ಈಜಿ ಒಳಹೊಗುತ್ತದೆ. ಅದು ಒಳಹೊಗುವ ಮುಂಚೆ ಬೋರ್ಡೋ ದ್ರಾವಣ ಕಾಯಿಯ ಮೇಲಿರಬೇಕು. ಒಳಹೊಕ್ಕ ಮೇಲೆ ಹೊಡೆದರೆ ಆ ಕಾಯಿ ಉಳಿಯದು, ಪಕ್ಕದ್ದು ಉಳಿದೀತು. ಬಿಳಿಚುಕ್ಕೆಯದೂ ಹೆಚ್ಚು ಕಡಿಮೆ ಇದೇ ರೀತಿ. ನಮಗೆ ಕಾಣುವ ಬಿಳಿ ಕಾಳು ಮೀನಿನ ಚರ್ಮದ ಅಡಿಯಲ್ಲಿ ಅವಿತು ಬೆಳೆಯುತ್ತಿರುವ ಪರೋಪಜೀವಿ. ಅಲ್ಲಿ ಯಾವ ಮದ್ದೂ ಅದಕ್ಕೆ ತಗಲುವುದಿಲ್ಲ. ಬಲಿತ ಮೇಲೆ ಅದು ಕಳಚಿ ಬಿದ್ದು, ಜಲ್ಲಿಗೋ ಗಿಡಕ್ಕೋ ಅಂಟಿ, ಸುತ್ತ ಕೋಶ ಕಟ್ಟಿಕೊಂಡು ಒಳಗೇ ಒಡೆಯುತ್ತ ನೂರಾರು ಮರಿಗಳಾಗುತ್ತದೆ. ಕೋಶ ಒಡೆದು ಈ ಮರಿಗಳು ಈಜಿಕೊಂಡು ಬೇರೆ ಮೀನನ್ನು ಹುಡುಕುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಮದ್ದಿಗೆ ಸಿಗುವುದು ಈ ಈಜುವ ಮರಿ ಮಾತ್ರ.

ಉಪಚಾರ ಆರಂಭಿಸಿದ ಮೂರನೆಯ ದಿನ ಚುಕ್ಕೆ ಮಾಯವಾಯಿತೆಂದು ಮದ್ದು ನಿಲ್ಲಿಸುವವರು ಮೋಸಹೋಗುವುದು ಇದರಿಂದಲೇ. ಚುಕ್ಕೆ ಹೋದದ್ದಲ್ಲ, ಕೆಳಗೆ ಬಿದ್ದದ್ದು. ವಾರ ಕಳೆಯುವಷ್ಟರಲ್ಲಿ ಹತ್ತು ಪಾಲಾಗಿ ಬರುತ್ತದೆ.

ಮಳೆಗಾಲದಲ್ಲೇ ಏಕೆ ಎಂದರೆ ಚಳಿ. ಬಿಸಿನಾಡಿನ ಮೀನುಗಳಿಗೆ 24ರಿಂದ 28 ಡಿಗ್ರಿ ಸೆಂಟಿಗ್ರೇಡ್ ಹಿತ. ಜಡಿಮಳೆಯಲ್ಲಿ ನೀರು 20ರ ಆಸುಪಾಸಿಗೆ ಇಳಿದಾಗ ಅವುಗಳ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ತಂಪಿನಲ್ಲಿ ಪರೋಪಜೀವಿಯ ಬೆಳವಣಿಗೆ ನಿಧಾನ, ಹಾಗಾಗಿ ಉಪಚಾರವೂ ಉದ್ದವಾಗುತ್ತದೆ. 25 ಡಿಗ್ರಿಯಲ್ಲಿ ಒಂದು ಸುತ್ತು ವಾರದೊಳಗೆ ಮುಗಿದರೆ, 15 ಡಿಗ್ರಿಯಲ್ಲಿ ಎರಡು ವಾರವೂ ಹಿಡಿಯಬಹುದು.

ಉಪಚಾರದ ಕ್ರಮ

ಮೊದಲು ನೀರಿನ ಅಳತೆ. ಉದ್ದ, ಅಗಲ, ನೀರಿನ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರು ಬರುತ್ತದೆ. 60, 30, 30 ಆದರೆ 54 ಲೀಟರು. ಜಲ್ಲಿ ಕಲ್ಲು ಕಳೆದು 45 ಎಂದಿಟ್ಟುಕೊಳ್ಳಿ. ಲೀಟರಿಗೆ 2 ಗ್ರಾಂನಂತೆ 90 ಗ್ರಾಂ ಉಪ್ಪನ್ನು ತೂಗಿ, ಬೇರೆ ನೀರಿನಲ್ಲಿ ಕರಗಿಸಿ, ಒಂದು ದಿನದ ಅವಧಿಯಲ್ಲಿ ಮೂರು ಸಲ ಹಾಕಬೇಕು. ಆವಿಯಾದ ನೀರಿಗೆ ಬದಲು ಬರಿಯ ನೀರು ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ತೆಗೆದ ನೀರಿಗೆ ಮಾತ್ರ ಲೆಕ್ಕದ ಉಪ್ಪು ಸೇರಿಸಬೇಕು. ಮೀಸೆಯ ಸಣ್ಣ ಮೀನುಗಳಿಗೆ ಮತ್ತು ನೀರಿನ ಗಿಡಗಳಿಗೆ ಉಪ್ಪು ಆಗಿಬರುವುದಿಲ್ಲ, ಅವಿದ್ದರೆ ಅರ್ಧಕ್ಕೆ ಇಳಿಸಿ, ಅಂಗಡಿಯ ಬಿಳಿಚುಕ್ಕೆ ಮದ್ದನ್ನು ಚೀಟಿಯ ಪ್ರಮಾಣದಲ್ಲೇ ಬಳಸಿ. ಇವುಗಳಲ್ಲಿ ಕೆಲವಕ್ಕೆ ಮ್ಯಾಲಕೈಟ್ ಗ್ರೀನ್ ಸೇರಿರುತ್ತದೆ. ಕೈಚೀಲ ಹಾಕಿಕೊಂಡೇ ಮುಟ್ಟಬೇಕು. ತಿನ್ನುವ ಮೀನಿನ ಕೆರೆಗೆ ಅದು ಸಲ್ಲದು.

ತೊಟ್ಟಿಯ ಹೀಟರಿನಿಂದ ಉಷ್ಣಾಂಶವನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 28ಕ್ಕೆ ಏರಿಸಿ. ಸ್ನಾನದ ನೀರು ಕಾಯಿಸುವ ರಾಡನ್ನು ಇಳಿಸಬಾರದು. ಮೀನಿಗೂ ಮನುಷ್ಯರಿಗೂ ಪ್ರಾಣಾಪಾಯ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುವುದರಿಂದ ಗಾಳಿಯಂತ್ರ ಹಗಲಿರುಳೂ ನಡೆಯಬೇಕು. ಎರಡು ದಿನಕ್ಕೊಮ್ಮೆ ಕಾಲುಭಾಗ ನೀರನ್ನು ಜಲ್ಲಿಯ ತಳದಿಂದಲೇ ಕೊಳವೆಯಲ್ಲಿ ಎಳೆದರೆ ಕೋಶಗಳಲ್ಲಿ ಒಂದಷ್ಟು ಹೊರಹೋಗುತ್ತವೆ. ಕೊನೆಯ ಚುಕ್ಕೆ ಕಾಣದಾದ ಮೇಲೂ ಒಂದು ವಾರ ಮುಂದುವರಿಸತಕ್ಕದ್ದು. ಒಟ್ಟು ಎರಡು ವಾರದ ಕೆಲಸ.

ಮೈಲುತುತ್ತಿನ ವಿಚಾರ. ಈ ರೋಗಕ್ಕೆ ತಾಮ್ರದ ಉಪಚಾರ ಉಂಟೆಂದು ಓದಿದವರು ಕೊಟ್ಟಿಗೆಯಲ್ಲಿರುವ ಚೀಲದಿಂದ ಚಿಟಿಕೆ ತುತ್ತು ತೆಗೆದು ಹಾಕುವುದುಂಟು. ಉಂಟು ನಿಜ, ಆದರೆ ನಮ್ಮ ನೀರಿಗಲ್ಲ. ಮಲೆನಾಡಿನ ಹಳ್ಳದ ನೀರು ಸಾಮಾನ್ಯವಾಗಿ ಮೆದು ನೀರು, ಸುಣ್ಣದಂಶ ಕಡಿಮೆ. ಗಡುಸು ನೀರಿನಲ್ಲಿ ತಾಮ್ರದ ಬಹುಭಾಗ ಕಟ್ಟಿಬೀಳುತ್ತದೆ. ಮೆದು ನೀರಿನಲ್ಲಿ ಅದು ನೇರ ಕಿವಿರಿಗೆ ತಾಗುತ್ತದೆ. ಶೇಕಡಾ ಒಂದರ ಬೋರ್ಡೋ ದ್ರಾವಣದಲ್ಲಿ ಲೀಟರಿಗೆ 10 ಗ್ರಾಂ ತುತ್ತು ಇರುತ್ತದೆ. ಗಡುಸು ನೀರಿನ ಕೆರೆಗೂ ಹಾಕುವ ಪ್ರಮಾಣ ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ, ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು. ಮನೆಯ ತಕ್ಕಡಿಯಲ್ಲಿ ತೂಗಲಾಗದ ಅಳತೆ ಇದು. ಗಪ್ಪಿಗೆ ಬಿಳಿಚುಕ್ಕೆ ಬಂದರೆ ಉಪ್ಪೇ ಸಾಕು, ತುತ್ತು ತೋಟಕ್ಕಿರಲಿ. ಔಷಧಿ ಹೊಡೆಯುವ ದಿನಗಳಲ್ಲಿ ಮಾಡಿನ ನೀರನ್ನೂ, ತೋಟದೊಳಗಿಂದ ಹರಿದ ನೀರನ್ನೂ ತೊಟ್ಟಿಗೆ ತುಂಬಬಾರದು.

ಬೇರೆ ರೋಗಗಳ ಗುರುತು ಚುಟುಕಾಗಿ: ರೆಕ್ಕೆಯ ಅಂಚು ಹರಿದು ಬಿಳಿಚಿದರೆ ರೆಕ್ಕೆ ಕೊಳೆ, ಇದು ನೀರು ಬದಲಿಸಿದರೆ ಬಹುಮಟ್ಟಿಗೆ ವಾಸಿ. ಗಾಯದ ಮೇಲೆ ಹತ್ತಿಯಂತೆ ಬೆಳೆದರೆ ಬೂಷ್ಟು, ಅದಕ್ಕೂ ಉಪ್ಪು. ಹೊಟ್ಟೆ ಊದಿ ಹುರುಪೆಗಳು ನಿಗುರಿ ನಿಂತರೆ ಒಳಗಿನ ಅಂಗಗಳೇ ಸೋತಿವೆ, ಬದುಕುವುದು ಅಪರೂಪ. ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಗುಳಿಗೆಯನ್ನು ತೊಟ್ಟಿಗೆ ಹಾಕುವವರು ಫಿಲ್ಟರಿನ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತಾರೆ.

ಹೊಸ ಮೀನು ತಂದಾಗ ಬೇರೊಂದು ಬಕೆಟಿನಲ್ಲಿ ಎರಡು ಮೂರು ವಾರ ಇಟ್ಟು ನೋಡಿ ಬಿಡಬೇಕು. ಆ ಬಕೆಟಿನ ಬಲೆಯನ್ನು ತೊಟ್ಟಿಗೆ ಬಳಸಬಾರದು. ಕೈಯಲ್ಲಿ ಗಾಯವಿದ್ದವರು ನೀರಿಗೆ ಕೈ ಹಾಕದಿರುವುದು ಒಳ್ಳೆಯದು, ಮೀನಿನಿಂದ ಚರ್ಮಕ್ಕೆ ತಗಲುವ ಒಂದು ಬಗೆಯ ಹುಣ್ಣು ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಸತ್ತ ಮೀನನ್ನೂ, ಬೇಡವಾದ ಜೀವಂತ ಮೀನನ್ನೂ ಹಳ್ಳಕ್ಕೆ ಬಿಡಬಾರದು. ಸತ್ತದ್ದನ್ನು ಹಳ್ಳದಿಂದ ದೂರದಲ್ಲಿ, ನಾಯಿ ಕೆದಕದಷ್ಟು ಆಳದಲ್ಲಿ, ಒಂದು ಹಿಡಿ ಸುಣ್ಣ ಹಾಕಿ ಹೂಳಿ.