ಮೂರು ಹಂಚು, ಒಬ್ಬ ಹುಡುಗಿ

ಮೈಸೂರಿನ ಫಿಲೋಮಿನಾ ಚರ್ಚಿಗೆ ಹೋದವರೆಲ್ಲ 175 ಅಡಿಯ ಜೋಡಿ ಗೋಪುರಗಳ ಫೋಟೊ ತೆಗೆಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ನೆಲಮಾಳಿಗೆಯಲ್ಲಿ ಮಲಗಿರುವ ಹುಡುಗಿ ಫಿಲೋಮಿನಾಳ ಪ್ರತಿಮೆ. ಹಿಂದಿನವರು ‘ಮುಂದಕ್ಕೆ ಹೋಗ್ರೀ’ ಎನ್ನುತ್ತಿದ್ದರೂ ಕಾಲು ಕೀಳಲಿಲ್ಲ.

ಹಿರೇಹಂದಿಗೋಳದ ನಮಗೆ ಸತ್ತವರ ಕಲ್ಲು ಹೊಸತಲ್ಲ. ಬೆಟಗೇರಿಯ ವೀರಗಲ್ಲುಗಳನ್ನು ನೋಡುತ್ತಲೇ ಬೆಳೆದವರು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಕತೆಯನ್ನು ಬಲ್ಲವರೇ ಕೆತ್ತಿಸಿರುತ್ತಾರೆ. ಈ ಹುಡುಗಿಗೆ ಇದ್ದದ್ದು ಮೂರು ಸುಟ್ಟಮಣ್ಣಿನ ಹಂಚು ಮಾತ್ರ.

1802ರ ಮೇನಲ್ಲಿ ರೋಮಿನ ಪ್ರಿಸಿಲ್ಲಾ ಭೂಗತ ಸ್ಮಶಾನದಲ್ಲಿ ಸಿಕ್ಕ, ಗೋಡೆಯ ಗೂಡೊಂದನ್ನು ಮುಚ್ಚಿದ್ದ ಹಂಚುಗಳವು. ಕೆಂಪು ಬಣ್ಣದಲ್ಲಿ ಬರೆದದ್ದು ಇದ್ದ ಹಾಗೆಯೇ ಓದಿದರೆ ‘ಲುಮೆನಾ, ಪಾಕ್ಸ್ ತೆ, ಕುಮ್ ಫಿ’. ಮೊದಲಿನದನ್ನು ಕೊನೆಗಿಟ್ಟರೆ ‘ಪಾಕ್ಸ್ ತೆಕುಮ್ ಫಿಲುಮೆನಾ’: ಫಿಲುಮೆನಾ, ನಿನಗೆ ಶಾಂತಿ. ಗಾರೆಯವನು ಅವಸರದಲ್ಲಿದ್ದನೋ, ಅಕ್ಷರ ಬಾರದವನೋ? ಪುರಾತತ್ವಜ್ಞ ಒರಾಜಿಯೊ ಮರೂಕಿ ಬೇರೊಂದನ್ನೇ ಹೇಳಿದ. ಇವು ಹಳೆಯ ಸಮಾಧಿಯೊಂದರ ಹಂಚುಗಳು, ಮತ್ತೊಬ್ಬರ ಗೂಡಿಗೆ ಬಳಸುವಾಗ ಬೇಕೆಂದೇ ಕ್ರಮ ತಪ್ಪಿಸಿದರು, ಒಳಗಿರುವವಳು ಫಿಲುಮೆನಾ ಅಲ್ಲವೇ ಅಲ್ಲ! ಅವನ ಮಾತು ನಿಜವಾದರೆ ಹೆಸರು ಒಬ್ಬಳದು, ಮೂಳೆ ಇನ್ನೊಬ್ಬರದು. ನನಗೆ ಮರೂಕಿಯ ವಾದವೇ ರುಚಿಸುತ್ತದೆ. ಮಣ್ಣಿನ ಹಂಚನ್ನು ಸುಮ್ಮನೆ ಬಿಸಾಡುವುದು ಯಾವ ಊರಲ್ಲಿದೆ?

ಅಕ್ಷರಗಳ ಜೊತೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳೂ ಇದ್ದವು. ಲಂಗರು ಆದಿ ಕ್ರೈಸ್ತರಿಗೆ ಭರವಸೆಯ ಗುರುತು, ಪ್ರಿಸಿಲ್ಲಾದ ಸಮಾಧಿಗಳಲ್ಲಿ ಹೇರಳ. ಆದರೆ 1833ರಲ್ಲಿ ಇಟಲಿಯ ಸನ್ಯಾಸಿನಿಯೊಬ್ಬಳು ತನಗಾದ ದರ್ಶನವೆಂದು ಕತೆ ಹೇಳಿದಳು: ಹುಡುಗಿಯನ್ನು ಲಂಗರು ಕಟ್ಟಿ ನದಿಗೆ ಎಸೆದರಂತೆ, ಬಾಣ ಬಿಟ್ಟರಂತೆ. ಗುರುತುಗಳೇ ಆಯುಧಗಳಾದವು. ಗೂಡಿನ ಬಳಿ ಸಿಕ್ಕ ಗಾಜಿನ ಕುಡಿಕೆಯಲ್ಲಿದ್ದದ್ದು ಹುತಾತ್ಮಳ ರಕ್ತವೆಂದೂ ಆಯಿತು. ಇಂಥ ಕುಡಿಕೆಗಳು ಸುಗಂಧದವು ಎನ್ನುವುದು ನಂತರದ ವಿದ್ವಾಂಸರ ಮಾತು. ಹುತಾತ್ಮಳಾದಳು ಎನ್ನುವ ಮಾತು ಆ ಹಂಚುಗಳಲ್ಲಿ ಎಲ್ಲೂ ಇಲ್ಲ.

ಗೂಡಿನಲ್ಲಿ ಸಿಕ್ಕ ಅವಶೇಷ 1805ರಲ್ಲಿ ನೇಪಲ್ಸ್ ಬಳಿಯ ಮುನ್ಯಾನೊಗೆ ಹೋಯಿತು. ಅದರದೊಂದು ಚೂರು ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರ ಪ್ರಯತ್ನದಿಂದ ಮೈಸೂರಿಗೆ ಬಂತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ಚರ್ಚಿಗೆ ಅಡಿಗಲ್ಲಿಟ್ಟರು.

1961ರಲ್ಲಿ ವ್ಯಾಟಿಕನ್ ಪೂಜಾ ಪಂಚಾಂಗದಿಂದ ಫಿಲೋಮಿನಾಳನ್ನು ತೆಗೆಯಿತು. ಮೈಸೂರಿನ ಚರ್ಚಿನ ಪೂರ್ತಿ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ. ಆಟೊದವರಿಗೆ ಮಾತ್ರ ಅದು ಇಂದಿಗೂ ಫಿಲೋಮಿನಾ ಚರ್ಚು.